ಕಳ್ಳನೋ, ಸಾಕ್ಷಿಯೋ? ರಕ್ತದಲ್ಲಿ ಓಡಾಡುವ ಮೆಟಬಾಲೈಟ್‌ಗಳು

ರಕ್ತ ಪರೀಕ್ಷೆಯ ರಿಪೋರ್ಟ್ ಕೈಗೆ ಬಂದ ಕೂಡಲೇ ಎಲ್ಲರ ಕಣ್ಣು ಹೋಗುವುದು ದಪ್ಪಕ್ಷರದ ಸಾಲುಗಳ ಮೇಲೆ. ಯಾವುದು ಜಾಸ್ತಿ ಇದೆ, ಯಾವುದು ಕಡಿಮೆ ಇದೆ? ಗ್ಲೂಕೋಸ್, ಯೂರಿಯಾ, ಕ್ರಿಯಾಟಿನಿನ್, ಯೂರಿಕ್ ಆಮ್ಲ, ಬಿಲಿರುಬಿನ್, ಕೊಲೆಸ್ಟ್ರಾಲ್. ಹೆಸರು ಬೇರೆ ಬೇರೆಯಾದರೂ ಇವೆಲ್ಲ ಒಂದೇ ಗುಂಪಿನವು. ದೇಹ ಒಂದನ್ನು ಒಡೆದು ಇನ್ನೊಂದು ಮಾಡುವಾಗ, ಸಣ್ಣದನ್ನು ಜೋಡಿಸಿ ದೊಡ್ಡದನ್ನು ಕಟ್ಟುವಾಗ ಹುಟ್ಟುವ ಪುಟ್ಟ ಅಣುಗಳು ಇವು. ಇವಕ್ಕೆ ಮೆಟಬಾಲೈಟ್ ಎನ್ನುತ್ತಾರೆ.

ಪುಟ್ಟ ಎಂದರೆ ನಿಜಕ್ಕೂ ಪುಟ್ಟ. ಒಂದು ಗ್ಲೂಕೋಸ್ ಅಣುವಿನಲ್ಲಿ ಇರುವುದು 24 ಪರಮಾಣು. ಹಿಮೋಗ್ಲೋಬಿನ್ ಎಂಬ ಪ್ರೋಟೀನ್‌ನ ಒಂದು ಅಣುವಿನಲ್ಲಿ ಒಂಬತ್ತು ಸಾವಿರಕ್ಕೂ ಜಾಸ್ತಿ. ಆದರೆ ದೇಹದಲ್ಲಿ ಈ ಗಳಿಗೆ ಏನು ನಡೆಯುತ್ತಿದೆ ಎಂದು ತಿಳಿಯಬೇಕಾದರೆ ಈ ಪುಟ್ಟ ಅಣುಗಳನ್ನೇ ಕೇಳಬೇಕು. ಜೀನ್‌ಗಳು ಏನಾಗಬಹುದು ಎಂದಷ್ಟೇ ಹೇಳುತ್ತವೆ. ಊಟ ಮಾಡಿದಿರೋ ಬಿಟ್ಟಿರೋ, ಓಡಿ ಬಂದಿರೋ ಮಲಗಿದ್ದಿರೋ, ಕಿಡ್ನಿ ಸೋತಿದೆಯೋ ಇಲ್ಲವೋ, ಇದೆಲ್ಲ ಗೊತ್ತಾಗುವುದು ಮೆಟಬಾಲೈಟ್‌ಗಳಿಂದ.

ಮೊದಲು ಸಕ್ಕರೆಯದೇ ಒಂದು ಲೆಕ್ಕ ಮಾಡೋಣ. ವಯಸ್ಕರ ದೇಹದಲ್ಲಿ ಸುಮಾರು 5 ಲೀಟರ್ ರಕ್ತ. ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ 100 ಮಿಲಿಲೀಟರ್ ರಕ್ತಕ್ಕೆ ಸುಮಾರು 100 ಮಿಲಿಗ್ರಾಂ ಗ್ಲೂಕೋಸ್. ಎಂದರೆ ಇಡೀ ರಕ್ತದಲ್ಲಿರುವ ಸಕ್ಕರೆ ಬರೀ 5 ಗ್ರಾಂ, ಒಂದು ಟೀ ಚಮಚದಷ್ಟು. ಇನ್ನು ಮಿದುಳು ಒಂದೇ ದಿನಕ್ಕೆ ಸುಮಾರು 120 ಗ್ರಾಂ ಗ್ಲೂಕೋಸ್ ಬಳಸುತ್ತದೆ. ಗಂಟೆಗೆ 5 ಗ್ರಾಂ! ಬೇರೆ ಯಾವ ಅಂಗವೂ ಮುಟ್ಟದಿದ್ದರೂ ಮಿದುಳೊಂದೇ ಒಂದು ಗಂಟೆಯಲ್ಲಿ ರಕ್ತದ ಸಕ್ಕರೆಯನ್ನೆಲ್ಲ ಖಾಲಿ ಮಾಡಬೇಕಿತ್ತು, ಅಲ್ವಾ? ಹಾಗಾಗುವುದಿಲ್ಲ. ರಾತ್ರಿಯಿಡೀ ಲಿವರ್ ಅಷ್ಟೇ ವೇಗದಲ್ಲಿ ಸಕ್ಕರೆಯನ್ನು ರಕ್ತಕ್ಕೆ ಬಿಡುತ್ತಲೇ ಇರುತ್ತದೆ.

ಹಾಗಾಗಿ 100 ಎಂಬ ಅಂಕಿಯನ್ನು ನೋಡಿ ಅಲ್ಲಿ ಏನೂ ಅಲುಗಾಡುತ್ತಿಲ್ಲ ಎಂದುಕೊಳ್ಳಬಾರದು. ಒಂದು ಕಡೆಯಿಂದ ಬರುತ್ತಿದೆ, ಇನ್ನೊಂದು ಕಡೆ ಹೋಗುತ್ತಿದೆ, ನಡುವೆ ಒಂದು ಕ್ಷಣ ಅಳತೆ ತೆಗೆದಿದ್ದಾರೆ, ಅಷ್ಟೆ. ಯಾವುದೇ ಮೆಟಬಾಲೈಟ್ ಏರಿದರೆ ಕಾರಣ ಎರಡೇ: ಜಾಸ್ತಿ ತಯಾರಾಗುತ್ತಿದೆ, ಇಲ್ಲವೇ ಖರ್ಚಾಗದೆ, ಹೊರಗೆ ಹೋಗದೆ ಉಳಿಯುತ್ತಿದೆ. ಕೆಲವೊಮ್ಮೆ ಎರಡೂ. ಸಕ್ಕರೆ ಕಾಯಿಲೆಯಲ್ಲಿ ಆಗುವುದು ಹೀಗೆಯೇ. ಇನ್ಸುಲಿನ್ ಮಾತು ನಡೆಯದೆ ಸ್ನಾಯುಗಳು ಸಕ್ಕರೆಯನ್ನು ಸರಿಯಾಗಿ ಒಳಗೆ ಎಳೆದುಕೊಳ್ಳುವುದಿಲ್ಲ, ಲಿವರ್ ಮಾತ್ರ ಬೇಡದಿದ್ದರೂ ಬಿಡುತ್ತಲೇ ಇರುತ್ತದೆ. ಸಿಹಿ ತಿನ್ನದಿದ್ದರೂ ಬೆಳಗಿನ ಶುಗರ್ ಯಾಕೆ ಜಾಸ್ತಿ ಎಂಬ ಪ್ರಶ್ನೆಗೆ ಬಹುಪಾಲು ಉತ್ತರ ಇಲ್ಲೇ ಇದೆ.

ಕ್ರಿಯಾಟಿನಿನ್ ವಿಷಯ ಬೇರೆ. ಸ್ನಾಯುಗಳಲ್ಲಿರುವ ಕ್ರಿಯಾಟಿನ್ ದಿನವೂ ಹೆಚ್ಚುಕಮ್ಮಿ ಒಂದೇ ವೇಗದಲ್ಲಿ ಸವೆದು ಕ್ರಿಯಾಟಿನಿನ್ ಆಗುತ್ತದೆ, ಕಿಡ್ನಿ ಅದನ್ನು ಸೋಸಿ ಹೊರಗೆ ಹಾಕುತ್ತದೆ. ಅದು ಏರಿದರೆ ಕಿಡ್ನಿಯ ಸೋಸುವ ಕೆಲಸ ಕುಂಟುತ್ತಿದೆ ಎಂದು ಅರ್ಥ. ಹಾಗಂತ ಕ್ರಿಯಾಟಿನಿನ್ ಕಿಡ್ನಿಯನ್ನು ಹಾಳು ಮಾಡಿತೇ? ಇಲ್ಲ. ಅದು ಕಂಡದ್ದನ್ನು ಹೇಳುತ್ತಿದೆ. ಅದೊಂದು ಸಾಕ್ಷಿ. ಈ ಸಾಕ್ಷಿಯ ಮಾತನ್ನೂ ಜೋಪಾನವಾಗಿ ಕೇಳಬೇಕು. ಕಟ್ಟುಮಸ್ತಾದ ಆಳಿಗೆ (100 ಮಿಲಿಲೀಟರ್ ರಕ್ತಕ್ಕೆ) 1.4 ಮಿಲಿಗ್ರಾಂ ಬಂದರೂ ಕಿಡ್ನಿ ಚೆನ್ನಾಗಿರಬಹುದು. ಸ್ನಾಯು ಕರಗಿ ಸೊರಗಿದ ವೃದ್ಧೆಗೆ 1.0 ಬಂದರೂ ಕಿಡ್ನಿ ಸೋತಿರಬಹುದು. ಅದಕ್ಕೇ ಈಗಿನ ರಿಪೋರ್ಟುಗಳಲ್ಲಿ ವಯಸ್ಸು, ಲಿಂಗ ಸೇರಿಸಿ ಲೆಕ್ಕ ಹಾಕಿದ ಇಜಿಎಫ್‌ಆರ್ ಎಂಬ, ಕಿಡ್ನಿ ಸೋಸುವ ವೇಗದ ಅಂದಾಜು ಹೇಳುವ ಇನ್ನೊಂದು ಅಂಕಿ ಇರುತ್ತದೆ.

ಇಡೀ ವಿಷಯದ ತಿರುಳು ನನ್ನ ಮಟ್ಟಿಗೆ ಇದೊಂದೇ ಪ್ರಶ್ನೆ. ಕಾಯಿಲೆ ಇದ್ದಲ್ಲಿ ಒಂದು ಮೆಟಬಾಲೈಟ್ ಜಾಸ್ತಿ ಕಂಡರೆ, ಅದೇ ಕಳ್ಳನೋ, ಅಥವಾ ಕಳ್ಳತನ ನಡೆದಾಗ ಅಲ್ಲಿದ್ದ ಸಾಕ್ಷಿಯೋ? ಕಳ್ಳನಾದರೆ ಹಿಡಿದು ಹಾಕಿದರೆ ಕಾಯಿಲೆ ತಗ್ಗುತ್ತದೆ. ಸಾಕ್ಷಿಯನ್ನು ಹಿಡಿದು ಹಾಕಿದರೆ ಏನು ಪ್ರಯೋಜನ? ಈ ವ್ಯತ್ಯಾಸ ತಿಳಿಯಲು ವೈದ್ಯವಿಜ್ಞಾನ ನೂರಿಪ್ಪತ್ತು ವರ್ಷದಿಂದ ಒದ್ದಾಡುತ್ತಿದೆ.

ಕಪ್ಪಾದ ಬಟ್ಟೆ

ಹತ್ತೊಂಬತ್ತನೇ ಶತಮಾನದ ಕೊನೆಯ ಹೊತ್ತಿಗೆ ಲಂಡನ್ನಿನ ವೈದ್ಯ ಆರ್ಚಿಬಾಲ್ಡ್ ಗ್ಯಾರಡ್ ಅವರ ಬಳಿಗೆ ಒಂದು ಹಸುಗೂಸು ಬಂತು. ಮಗು ಆರೋಗ್ಯವಾಗಿಯೇ ಇತ್ತು. ಆದರೆ ಅದು ಮೂತ್ರ ಮಾಡಿದ ಬಟ್ಟೆ ಕಪ್ಪುಗಂದು ಬಣ್ಣಕ್ಕೆ ತಿರುಗುತ್ತಿತ್ತು. ಆಲ್ಕಾಪ್ಟೊನೂರಿಯಾ ಎಂಬ ಈ ತೊಂದರೆ ಆಗಲೇ ವೈದ್ಯರಿಗೆ ಗೊತ್ತಿತ್ತು. ಕರುಳಿನಲ್ಲಿ ಯಾವುದೋ ಸೋಂಕು ಇರಬೇಕು ಎಂಬುದು ಆಗಿನ ನಂಬಿಕೆ. ಗ್ಯಾರಡ್‌ಗೆ ಅದು ಒಪ್ಪಿಗೆಯಾಗಲಿಲ್ಲ. ಅದೇ ದಂಪತಿಗೆ ಇನ್ನೊಂದು ಮಗು ಆಗುವುದಿತ್ತು. ಆ ಮಗುವಿನ ಬಟ್ಟೆಯನ್ನು ಹುಟ್ಟಿದ ಗಳಿಗೆಯಿಂದಲೇ ಗಮನಿಸುವಂತೆ ಅವರು ಹೇಳಿಟ್ಟರು. ಕೆಲವೇ ದಿನಗಳಲ್ಲಿ ಅದೇ ಕಲೆ ಕಂಡಿತು. ಸೋಂಕು ಹತ್ತಿಕೊಳ್ಳಲು ಸಮಯವೇ ಇರಲಿಲ್ಲ. ಜೊತೆಗೆ ತಂದೆ ತಾಯಿ ಹತ್ತಿರದ ಸಂಬಂಧಿಗಳು ಎಂಬುದೂ ಗೊತ್ತಾಯಿತು. ಇಂಥ ಬೇರೆ ಕುಟುಂಬಗಳಲ್ಲೂ ಅದೇ ಕಂಡಿತು.

1902ರಲ್ಲಿ ಗ್ಯಾರಡ್ ಬರೆದ ಲೇಖನದ ಸಾರ ಇಷ್ಟು: ಇದು ರೋಗಾಣುವಿನ ಕೆಲಸವಲ್ಲ, ಹುಟ್ಟಿನಿಂದಲೇ ಬಂದ ರಾಸಾಯನಿಕ ವ್ಯತ್ಯಾಸ. 1908ರ ಉಪನ್ಯಾಸಗಳಲ್ಲಿ ಅವರು ಇದನ್ನು ಇನ್ನಷ್ಟು ಬಿಡಿಸಿ ಹೇಳಿದರು. ಪ್ರೋಟೀನ್‌ಗಳ ಬಿಡಿಭಾಗವಾದ ಟೈರೋಸಿನ್ ಎಂಬ ಅಮೈನೋ ಆಮ್ಲ ಹಂತ ಹಂತವಾಗಿ ಒಡೆಯುತ್ತಾ ಹೋಗುತ್ತದೆ. ಪ್ರತಿ ಹಂತಕ್ಕೂ ಆ ಕೆಲಸ ಮಾಡುವ ಒಂದೊಂದು ಕಿಣ್ವ (ಎಂಜೈಮ್) ಬೇಕು. ಈ ಮಕ್ಕಳಲ್ಲಿ ಒಂದು ಹಂತದ ಕಿಣ್ವ ಇಲ್ಲ. ಹಾಗಾಗಿ ಅದಕ್ಕಿಂತ ಹಿಂದಿನ ಹಂತದಲ್ಲಿ ಹುಟ್ಟಿದ ಹೋಮೋಜೆಂಟಿಸಿಕ್ ಆಮ್ಲ ಮುಂದೆ ಹೋಗಲಾರದೆ ಗುಡ್ಡೆಯಾಗುತ್ತದೆ. ಗಾಳಿ ತಾಗಿದರೆ ಅದು ಕಪ್ಪಾಗುತ್ತದೆ. ಜೀನ್ ಎಂದರೇನು ಎಂದು ಯಾರಿಗೂ ಸರಿಯಾಗಿ ತಿಳಿಯದ ಕಾಲದಲ್ಲಿ ಬರೆದ ಮಾತು ಇದು. ಆ ಕಿಣ್ವ ಲಿವರ್‌ನಲ್ಲಿ ಇಲ್ಲ ಎಂದು ಸಾಬೀತಾಗಲು 1958ರವರೆಗೆ ಕಾಯಬೇಕಾಯಿತು.

ಬಟ್ಟೆಯ ಕಲೆ ನಿರುಪದ್ರವಿ. ಆದರೆ ಅದೇ ಆಮ್ಲ ವರ್ಷಗಟ್ಟಲೆ ಕೀಲುಗಳ ಮೃದ್ವಸ್ಥಿಯಲ್ಲಿ ಸೇರಿಕೊಂಡು ಅದನ್ನೂ ಕಪ್ಪಾಗಿಸುತ್ತದೆ, ಪೆಡಸು ಮಾಡುತ್ತದೆ. ನಡುವಯಸ್ಸಿಗೆ ಬೆನ್ನು, ಮೊಣಕಾಲು ಸವೆದು ಹೋಗುತ್ತವೆ. ಇಲ್ಲಿ ಮೆಟಬಾಲೈಟೇ ಕಳ್ಳ. ನಿಟಿಸಿನೋನ್ ಎಂಬ ಔಷಧಿ ಒಂದು ಹಂತ ಮೊದಲೇ ದಾರಿಗೆ ಅಡ್ಡ ಹಾಕುತ್ತದೆ. ಕಪ್ಪಾಗುವ ಆಮ್ಲ ಹುಟ್ಟುವುದೇ ಬಹಳ ಕಡಿಮೆಯಾಗುತ್ತದೆ. ಸರಿ, ಆದರೆ ಈಗ ಅಡ್ಡ ಹಾಕಿದ ಜಾಗದ ಹಿಂದೆ ಟೈರೋಸಿನ್ ಏರುತ್ತದೆ, ಅದು ಕಣ್ಣಿಗೆ ತೊಂದರೆ ಕೊಡಬಹುದು. ದೇಹದ ಈ ಒಡೆಯುವ, ಕಟ್ಟುವ ಕೆಲಸದಲ್ಲಿ, ಎಂದರೆ ಮೆಟಬಾಲಿಸಂನಲ್ಲಿ, ಒಂದು ಕಡೆ ಕೈ ಹಾಕಿದರೆ ಇನ್ನೊಂದು ಕಡೆ ಏಳುತ್ತದೆ. ಔಷಧಿ ಮಾಡುವವರ ಗೋಳು ಅದು.

ಕಳ್ಳನನ್ನು ಕೈಯಾರೆ ಹಿಡಿದ ಉದಾಹರಣೆ ಫಿನೈಲ್‌ಕೀಟೋನೂರಿಯಾ, ಚಿಕ್ಕದಾಗಿ ಪಿಕೆಯು. 1934ರಲ್ಲಿ ನಾರ್ವೆಯಲ್ಲಿ ಒಬ್ಬ ತಾಯಿ ತನ್ನ ಇಬ್ಬರು ಮಕ್ಕಳನ್ನು ಆಸ್ಬ್ಯೋರ್ನ್ ಫೋಲಿಂಗ್ ಎಂಬ ವೈದ್ಯರಿಗೆ ತೋರಿಸಿದರು. ಹುಟ್ಟಿದಾಗ ಚೆನ್ನಾಗಿದ್ದ ಮಕ್ಕಳ ಬುದ್ಧಿ ಬೆಳೆಯಲೇ ಇಲ್ಲ. ಮೈಯಿಂದ ಒಂದು ವಿಚಿತ್ರ ಮುಗ್ಗಲು ವಾಸನೆ. ಫೋಲಿಂಗ್ ಮೂತ್ರಕ್ಕೆ ಫೆರಿಕ್ ಕ್ಲೋರೈಡ್ ಹನಿಸಿದರು. ಕೀಟೋನ್ ಇದೆಯೇ ಎಂದು ನೋಡಲು ಆಗ ಮಾಡುತ್ತಿದ್ದ ಮಾಮೂಲಿ ಪರೀಕ್ಷೆ. ಕೆಂಪುಗಂದು ಬರಬೇಕು, ಇಲ್ಲವೇ ಬಣ್ಣ ಬದಲಾಗಬಾರದು. ಇಲ್ಲಿ ಕಡು ಹಸಿರು ಬಂತು! ಲೀಟರ್‌ಗಟ್ಟಲೆ ಮೂತ್ರ ತರಿಸಿಕೊಂಡು, ತಿಂಗಳುಗಟ್ಟಲೆ ಕೂತು, ಆ ಹಸಿರಿಗೆ ಕಾರಣ ಫಿನೈಲ್‌ಪೈರುವಿಕ್ ಆಮ್ಲ ಎಂದು ಅವರು ಕಂಡುಹಿಡಿದರು. ಫಿನೈಲ್‌ಅಲನಿನ್ ಎಂಬ ಅಮೈನೋ ಆಮ್ಲವನ್ನು ಬಳಸಿಕೊಳ್ಳುವ ಕಿಣ್ವ ಇಲ್ಲದ್ದರಿಂದ ಅದು ರಕ್ತದಲ್ಲಿ ತುಂಬಿ, ಒಂದಿಷ್ಟು ಹೀಗೆ ರೂಪ ಬದಲಿಸಿ ಮೂತ್ರಕ್ಕೆ ಬರುತ್ತಿತ್ತು.

ಆದರೆ ಬುದ್ಧಿ ಕುಂಠಿತವಾಗಿದ್ದು ಅದರಿಂದಲೇ ಎಂದು ಹೇಗೆ ಹೇಳುವುದು? ಉತ್ತರ ಬಂದದ್ದು 1953ರಲ್ಲಿ, ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಿಂದ. ಹೋರ್ಸ್ಟ್ ಬಿಕೆಲ್ ಮತ್ತು ಜೊತೆಗಾರರು ಫಿನೈಲ್‌ಅಲನಿನ್ ಬಹಳ ಕಡಿಮೆ ಇರುವ ಆಹಾರ ತಯಾರಿಸಿ ಒಂದು ಪುಟ್ಟ ಹುಡುಗಿಗೆ ಕೊಟ್ಟರು. ತೆವಳಲೂ ಬಾರದೆ ಅಳುತ್ತಲೇ ಇದ್ದ ಮಗು ತಿಂಗಳು ಕಳೆದಂತೆ ಚುರುಕಾಯಿತು. ಆಮೇಲೆ ತಾಯಿಗೂ ಹೇಳದೆ ಆ ಆಹಾರಕ್ಕೆ ಮತ್ತೆ ಫಿನೈಲ್‌ಅಲನಿನ್ ಬೆರೆಸಿದರು. ಮಗು ಕಲಿತದ್ದನ್ನೆಲ್ಲ ಕೆಲವೇ ದಿನಗಳಲ್ಲಿ ಬಿಟ್ಟುಬಿಟ್ಟಿತು. ಇವತ್ತು ಹೀಗೆ ಮಾಡಿದರೆ ಯಾವ ನೈತಿಕ ಸಮಿತಿಯೂ ಒಪ್ಪುವುದಿಲ್ಲ, ಒಪ್ಪಲೂಬಾರದು. ಆದರೆ ಪುರಾವೆ ಮಾತ್ರ ಗಟ್ಟಿಯಾಗಿತ್ತು. ತೆಗೆದರೆ ಸುಧಾರಿಸುತ್ತದೆ, ಕೊಟ್ಟರೆ ಕೆಡುತ್ತದೆ.

ಮಿದುಳು ಒಮ್ಮೆ ಕೆಟ್ಟರೆ ಮತ್ತೆ ಪೂರ್ತಿ ಸರಿಹೋಗದು, ಹಾಗಾಗಿ ಹುಟ್ಟಿದ ಕೂಡಲೇ ಪತ್ತೆ ಮಾಡಬೇಕಿತ್ತು. 1960ರ ದಶಕದ ಆರಂಭದಲ್ಲಿ ಅಮೆರಿಕದ ರಾಬರ್ಟ್ ಗತ್ರೀ ಮಗುವಿನ ಹಿಮ್ಮಡಿ ಚುಚ್ಚಿ, ಒಂದು ಹನಿ ರಕ್ತವನ್ನು ಸೋಸುಕಾಗದದ ಮೇಲೆ ಒಣಗಿಸಿ ಪರೀಕ್ಷೆ ಮಾಡುವ ವಿಧಾನ ತಂದರು. ಇವತ್ತಿಗೂ ಹಿಮ್ಮಡಿಯೇ, ಒಣಗಿದ ಹನಿಯೇ. ಬದಲಾಗಿದ್ದು ಯಂತ್ರ. ಅಣುಗಳನ್ನು ತೂಕದ ಮೇಲೆ ಗುರುತಿಸುವ ಮಾಸ್ ಸ್ಪೆಕ್ಟ್ರೋಮೀಟರ್ ಆ ಒಂದೇ ಹನಿಯಲ್ಲಿ ಹತ್ತಾರು ಜನ್ಮಜಾತ ಕಾಯಿಲೆಗಳ ಮೆಟಬಾಲೈಟ್‌ಗಳನ್ನು ಒಟ್ಟಿಗೆ ಅಳೆಯುತ್ತದೆ. ನನ್ನನ್ನು ಕೇಳಿದರೆ ಮೆಟಬಾಲೈಟ್ ವಿಜ್ಞಾನ ಜನರಿಗೆ ಕೊಟ್ಟ ಅತಿ ದೊಡ್ಡ ಉಪಕಾರ ಇದು. ಸುದ್ದಿಯಲ್ಲಿ ಮೆರೆಯುವ ಬೇರೆ ಯಾವ ಪರೀಕ್ಷೆಯೂ ಇದರ ಹತ್ತಿರಕ್ಕೂ ಬರುವುದಿಲ್ಲ.

ತಂದೆಯ ದಾರ, ನರ್ಸ್ ಕಂಡ ತ್ರಿಕೋನ

ಆರ್ಚಿಬಾಲ್ಡ್ ಗ್ಯಾರಡ್ ಅವರ ತಂದೆ ಆಲ್ಫ್ರೆಡ್ ಗ್ಯಾರಡ್ ಕೂಡ ವೈದ್ಯರೇ. ಅವರ ಹುಚ್ಚು ಯೂರಿಕ್ ಆಮ್ಲದ ಮೇಲೆ. ಗೌಟ್ ಎಂಬ ಕೀಲುನೋವು ಇರುವವರ ರಕ್ತದಲ್ಲಿ ಅದು ಜಾಸ್ತಿ ಇದೆ ಎಂದು 1848ರಲ್ಲೇ ತೋರಿಸಿದ್ದರು. ಅವರು ಮಾಡುತ್ತಿದ್ದ ಪರೀಕ್ಷೆ ನೋಡಿ. ರಕ್ತದ ಸೀರಮ್ಮನ್ನು ಗಾಜಿನ ಬಟ್ಟಲಿಗೆ ಹಾಕಿ, ಸ್ವಲ್ಪ ಆಮ್ಲ ಬೆರೆಸಿ, ಒಂದು ನಾರಿನ ದಾರ ಇಳಿಬಿಟ್ಟು ಸುಮ್ನೆ ಬಿಡುವುದು. ಒಂದೆರಡು ದಿನದಲ್ಲಿ ದಾರದ ಮೇಲೆ ಹರಳು ಕಟ್ಟಿದರೆ ಯೂರಿಕ್ ಆಮ್ಲ ಜಾಸ್ತಿ ಇದೆ ಎಂದು ಲೆಕ್ಕ. ಯಂತ್ರವಿಲ್ಲ, ಕರೆಂಟಿಲ್ಲ.

ಬಹುಪಾಲು ಸಸ್ತನಿಗಳಲ್ಲಿ ಯೂರಿಕೇಸ್ ಎಂಬ ಕಿಣ್ವ ಯೂರಿಕ್ ಆಮ್ಲವನ್ನು ಇನ್ನಷ್ಟು ಒಡೆದು, ನೀರಿನಲ್ಲಿ ಸಲೀಸಾಗಿ ಕರಗುವ ಅಲಾಂಟೊಯಿನ್ ಮಾಡುತ್ತದೆ. ನಮ್ಮ ಪೂರ್ವಜ ವಾನರಗಳಲ್ಲಿ ಒಂದು ಕೋಟಿಗೂ ಹೆಚ್ಚು ವರ್ಷಗಳ ಹಿಂದೆಯೇ ಆ ಜೀನ್ ಕೆಟ್ಟುಹೋಯಿತು. ಹಾಗಾಗಿ ನಮ್ಮ ರಕ್ತದಲ್ಲಿ ಅದು ಕರಗುವ ಮಿತಿಯ ಅಂಚಿನಲ್ಲೇ ಓಡಾಡುತ್ತಿರುತ್ತದೆ. ಆ ಮಿತಿ 100 ಮಿಲಿಲೀಟರ್‌ಗೆ ಸುಮಾರು 6.8 ಮಿಲಿಗ್ರಾಂ. ದಾಟಿದರೆ ಸೂಜಿಯಂಥ ಹರಳುಗಳು ಕೀಲಿನಲ್ಲಿ ಕೂರಬಹುದು. ಕೂರಲೇಬೇಕು ಎಂದೇನಿಲ್ಲ. ಯೂರಿಕ್ ಆಮ್ಲ ಜಾಸ್ತಿ ಇರುವ ಬಹುತೇಕರಿಗೆ ಗೌಟ್ ಬರುವುದೇ ಇಲ್ಲ. ನೋವು ಕೆರಳಿದ ದಿನ ಪರೀಕ್ಷೆ ಮಾಡಿಸಿದರೆ ಅಂಕಿ ಮಾಮೂಲಿಯಾಗಿಯೇ ಬರುವುದೂ ಉಂಟು. ಅದಕ್ಕೇ ಗಟ್ಟಿ ಪುರಾವೆ ಬೇಕೆಂದರೆ ಕೀಲಿನ ದ್ರವ ತೆಗೆದು ಸೂಕ್ಷ್ಮದರ್ಶಕದಲ್ಲಿ ಹರಳನ್ನೇ ನೋಡುತ್ತಾರೆ. ಬರೀ ಅಂಕಿ ಜಾಸ್ತಿ ಇದೆ, ತೊಂದರೆ ಏನೂ ಇಲ್ಲ ಎಂದರೆ ಸಾಮಾನ್ಯವಾಗಿ ಮಾತ್ರೆ ಬೇಕಾಗುವುದಿಲ್ಲ.

ಬಿಲಿರುಬಿನ್‌ನ ಕಥೆಯಲ್ಲಿ ನನಗೆ ಇಷ್ಟವಾಗುವುದು ಒಬ್ಬ ನರ್ಸ್‌ನ ಕಣ್ಣು. ಹಳೆಯ ಕೆಂಪು ರಕ್ತಕಣಗಳು ಒಡೆದಾಗ ಹುಟ್ಟುವ ಹಳದಿ ವಸ್ತು ಇದು. ಲಿವರ್ ಅದಕ್ಕೊಂದು ಸಕ್ಕರೆಯ ತುಣುಕು ಅಂಟಿಸಿ, ನೀರಿನಲ್ಲಿ ಕರಗುವಂತೆ ಮಾಡಿ ಪಿತ್ತರಸದ ಜೊತೆ ಹೊರಗೆ ಕಳಿಸುತ್ತದೆ. ಆಗ ತಾನೇ ಹುಟ್ಟಿದ ಮಗುವಿನ ಲಿವರ್‌ಗೆ ಈ ಕೆಲಸ ಇನ್ನೂ ಪಳಗಿರುವುದಿಲ್ಲ. ಹಾಗಾಗಿ ಎಷ್ಟೋ ಮಕ್ಕಳು ಹಳದಿಯಾಗುತ್ತವೆ, ತಾವೇ ಸರಿಹೋಗುತ್ತವೆ. ಮಿತಿಮೀರಿದರೆ ಮಾತ್ರ ಅದು ಮಿದುಳಿಗೆ ಇಳಿದು ಶಾಶ್ವತ ಹಾನಿ ಮಾಡಬಲ್ಲದು.

1950ರ ದಶಕದಲ್ಲಿ ಇಂಗ್ಲೆಂಡಿನ ರೋಚ್‌ಫರ್ಡ್ ಆಸ್ಪತ್ರೆಯಲ್ಲಿ ಸಿಸ್ಟರ್ ವಾರ್ಡ್ ಎಂಬ ನರ್ಸ್ ಕೂಸುಗಳನ್ನು ಬಿಸಿಲಿಗೆ ಒಯ್ದು ತರುತ್ತಿದ್ದರು. ಒಂದು ದಿನ ಒಂದು ಮಗುವನ್ನು ವೈದ್ಯರಿಗೆ ತೋರಿಸಿದರು. ಮೈಯೆಲ್ಲ ಹಳದಿ ಇಳಿದಿತ್ತು, ಒಂದು ತ್ರಿಕೋನದಷ್ಟು ಜಾಗ ಬಿಟ್ಟು. ಅಲ್ಲಿ ಮಾತ್ರ ಗಾಢ ಹಳದಿ. ಬಟ್ಟೆಯ ಮೂಲೆ ಮುಚ್ಚಿದ್ದ ಜಾಗ ಅದು! ಸ್ವಲ್ಪ ದಿನದ ಮೇಲೆ ಕಿಟಕಿಯ ಬಳಿ ಬಿಸಿಲಲ್ಲಿ ಉಳಿದ ರಕ್ತದ ಟ್ಯೂಬಿನಲ್ಲೂ ಬಿಲಿರುಬಿನ್ ಅಂಕಿ ಇಳಿದದ್ದು ಕಂಡಿತು. ಈ ಎರಡನ್ನೂ ಜೋಡಿಸಿ ನೋಡಿದ್ದರಿಂದ ಬೆಳಕಿನ ಚಿಕಿತ್ಸೆ ಹುಟ್ಟಿತು. ನೀಲಿ ಬೆಳಕು ಬಿದ್ದಾಗ ಬಿಲಿರುಬಿನ್ ಅಣು ತಿರುಚಿಕೊಂಡು, ಲಿವರ್‌ನ ಹಂಗಿಲ್ಲದೆ ಹೊರಗೆ ಹೋಗುವ ರೂಪ ಪಡೆಯುತ್ತದೆ. ಹಾಗಂತ ಮನೆಯಲ್ಲೇ ಬಿಸಿಲಿಗೆ ಹಿಡಿದರೆ ಸಾಕು ಎಂದುಕೊಳ್ಳಬೇಡಿ. ಬಿಸಿಲಿನ ಪ್ರಮಾಣ ನಮ್ಮ ಕೈಯಲ್ಲಿರುವುದಿಲ್ಲ, ಬಿಲಿರುಬಿನ್ ಎಷ್ಟಿದೆ ಎಂದು ಬರಿಗಣ್ಣಿಗೆ ಗೊತ್ತೂ ಆಗುವುದಿಲ್ಲ.

ಕೆಟ್ಟ ಹೆಸರು ಹೊತ್ತ ಲ್ಯಾಕ್ಟೇಟ್

ಜಿಮ್‌ಗೆ ಹೋದ ಮಾರನೇ ದಿನ ಮೈಕೈ ನೋವಾದರೆ "ಲ್ಯಾಕ್ಟಿಕ್ ಆಸಿಡ್ ತುಂಬಿಕೊಂಡಿದೆ" ಎನ್ನುವವರು ಇನ್ನೂ ಇದ್ದಾರೆ. ಅದು ತಪ್ಪು. ವ್ಯಾಯಾಮ ಮುಗಿದು ಒಂದೆರಡು ಗಂಟೆಯೊಳಗೆ ಲ್ಯಾಕ್ಟೇಟ್ ಮಾಮೂಲಿ ಮಟ್ಟಕ್ಕೆ ಬಂದಿರುತ್ತದೆ. ಮಾರನೇ ದಿನದ ನೋವಿಗೆ ಸ್ನಾಯುವಿನ ಎಳೆಗಳಿಗಾದ ಸೂಕ್ಷ್ಮ ಪೆಟ್ಟು ಮತ್ತು ಅದರಿಂದಾಗುವ ಉರಿಯೂತ ಕಾರಣ. ಲ್ಯಾಕ್ಟೇಟ್ ಕಸವೂ ಅಲ್ಲ. ಹೃದಯ, ಮಿದುಳು ಅದನ್ನು ಸಂತೋಷದಿಂದ ಇಂಧನವಾಗಿ ಬಳಸುತ್ತವೆ. ಲಿವರ್ ಅದನ್ನು ಮತ್ತೆ ಗ್ಲೂಕೋಸ್ ಮಾಡಿ ಸ್ನಾಯುಗಳಿಗೆ ವಾಪಸ್ ಕಳಿಸುತ್ತದೆ. ಈ ಸುತ್ತು ಕಂಡುಹಿಡಿದ ಕಾರ್ಲ್ ಮತ್ತು ಗರ್ಟಿ ಕೋರಿ ದಂಪತಿ 1947ರಲ್ಲಿ ನೊಬೆಲ್ ಹಂಚಿಕೊಂಡರು.

ಇದೇ ಲ್ಯಾಕ್ಟೇಟ್ ಐಸಿಯುನಲ್ಲಿ ಬೇರೆ ಅರ್ಥ ಪಡೆಯುತ್ತದೆ. ಸೋಂಕು ಮೈಗೆಲ್ಲ ಹರಡಿ ರಕ್ತದೊತ್ತಡ ಕುಸಿದಾಗ ವೈದ್ಯರು ಕೆಲವು ಗಂಟೆಗಳಿಗೊಮ್ಮೆ ಅದನ್ನು ಅಳೆಯುತ್ತಾರೆ. ಲೀಟರ್‌ಗೆ 2 ಮಿಲಿಮೋಲ್ ದಾಟಿ ಅಲ್ಲೇ ನಿಂತರೆ ಪರಿಸ್ಥಿತಿ ಗಂಭೀರ. ಓಡಿ ಬಂದವನಿಗೆ 10 ಇದ್ದರೂ ಚಿಂತೆಯಿಲ್ಲ, ಹಾಸಿಗೆಯಲ್ಲಿ ಮಲಗಿದವನಿಗೆ 4 ಇದ್ದರೆ ಎಲ್ಲರೂ ಎಚ್ಚರ. ಅಣು ಒಂದೇ, ಸಂದರ್ಭ ಬೇರೆ.

ಕ್ಯಾನ್ಸರ್ ಕೋಶಗಳದ್ದು ಇನ್ನೊಂದು ವರಸೆ. ಆಮ್ಲಜನಕ ಬೇಕಾದಷ್ಟು ಇದ್ದರೂ ಅವು ಗ್ಲೂಕೋಸನ್ನು ಅರ್ಧಕ್ಕೇ ಒಡೆದು ಲ್ಯಾಕ್ಟೇಟ್ ಮಾಡಿ ಎಸೆಯುತ್ತವೆ ಎಂದು ಒಟ್ಟೊ ವಾರ್ಬರ್ಗ್ 1920ರ ದಶಕದಲ್ಲೇ ಗಮನಿಸಿದ್ದರು. ಈ ಗ್ಲೂಕೋಸ್ ಹಸಿವನ್ನೇ ಪೆಟ್ ಸ್ಕ್ಯಾನ್ ಬಳಸಿಕೊಳ್ಳುತ್ತದೆ. ವಿಕಿರಣ ಸೂಸುವ, ಗ್ಲೂಕೋಸ್‌ನಂತೆಯೇ ಕಾಣುವ ವಸ್ತುವನ್ನು ಚುಚ್ಚಿದರೆ ಗೆಡ್ಡೆ ಅದನ್ನು ಗಬಗಬನೆ ಎಳೆದುಕೊಂಡು ತೆರೆಯ ಮೇಲೆ ಹೊಳೆಯುತ್ತದೆ. (ಮಿದುಳೂ ಹೊಳೆಯುತ್ತದೆ. ಕಾರಣ ಮೇಲೆ ಮಾಡಿದ ಲೆಕ್ಕದಲ್ಲೇ ಇದೆ.)

ವಾರ್ಬರ್ಗ್ ಕಂಡದ್ದು ಕ್ಯಾನ್ಸರಿಗೆ ಕಾರಣವೋ ಪರಿಣಾಮವೋ ಎಂಬ ವಾದ ಬಹಳ ಕಾಲ ನಡೆಯಿತು. ಆದರೆ ಒಂದು ಮೆಟಬಾಲೈಟೇ ಕೋಶವನ್ನು ಕ್ಯಾನ್ಸರಿನ ದಾರಿಗೆ ತಳ್ಳಬಲ್ಲದು ಎಂಬುದಕ್ಕೆ ಈ ಶತಮಾನದಲ್ಲಿ ಸ್ಪಷ್ಟ ಉದಾಹರಣೆ ಸಿಕ್ಕಿತು. ಕೆಲವು ಮಿದುಳಿನ ಗೆಡ್ಡೆಗಳಲ್ಲಿ, ಒಂದು ಬಗೆಯ ರಕ್ತದ ಕ್ಯಾನ್ಸರಿನಲ್ಲಿ ಐಡಿಎಚ್ ಎಂಬ ಕಿಣ್ವದ ಜೀನ್ ಬದಲಾಗಿರುತ್ತದೆ. ಬದಲಾದ ಕಿಣ್ವ 2-ಹೈಡ್ರಾಕ್ಸಿಗ್ಲುಟರೇಟ್ ಎಂಬ ವಸ್ತುವನ್ನು ರಾಶಿರಾಶಿ ತಯಾರಿಸುತ್ತದೆ ಎಂದು 2009ರಲ್ಲಿ ಗೊತ್ತಾಯಿತು. ಆ ವಸ್ತು ಡಿಎನ್‌ಎ ಮೇಲಿನ ರಾಸಾಯನಿಕ ಗುರುತುಗಳನ್ನು ಅಳಿಸುವ ಕಿಣ್ವಗಳಿಗೆ ಅಡ್ಡಿಯಾಗುತ್ತದೆ. ಗುರುತುಗಳು ಉಳಿದುಬಿಡುತ್ತವೆ, ಕೋಶ ಪ್ರೌಢವಾಗದೆ ಎಳಸಾಗಿಯೇ ಉಳಿದು ಬೆಳೆಯುತ್ತಾ ಹೋಗುತ್ತದೆ. 2018ರಲ್ಲಿ ಒಪ್ಪಿಗೆ ಪಡೆದ ಐವೊಸಿಡೆನಿಬ್ ಈ ಕೆಟ್ಟ ಕಿಣ್ವದ ಬಾಯಿ ಕಟ್ಟುತ್ತದೆ. ಸ್ವಾರಸ್ಯ ಏನೆಂದರೆ ಅದು ಕ್ಯಾನ್ಸರ್ ಕೋಶವನ್ನು ನೇರವಾಗಿ ಕೊಲ್ಲಲು ಹೋಗುವುದಿಲ್ಲ. ನಿಂತುಹೋದ ಬೆಳವಣಿಗೆ ಮುಂದುವರಿದು ಕೋಶ ಪ್ರೌಢವಾಗಲು ಬಿಡುತ್ತದೆ.

ನಾವು ಮಾಡದ ಮೆಟಬಾಲೈಟ್‌ಗಳು

ರಕ್ತದಲ್ಲಿರುವುದೆಲ್ಲ ನಮ್ಮ ಕೋಶಗಳ ತಯಾರಿಕೆಯಲ್ಲ. ಕರುಳಿನ ಬ್ಯಾಕ್ಟೀರಿಯಾಗಳದ್ದೂ ದೊಡ್ಡ ಪಾಲಿದೆ. ನಮಗೆ ಜೀರ್ಣವಾಗದ ನಾರನ್ನು ಅವು ಹುದುಗಿಸಿ ಬ್ಯುಟಿರೇಟ್ ಎಂಬ ಚಿಕ್ಕ ಕೊಬ್ಬಿನ ಆಮ್ಲ ಮಾಡುತ್ತವೆ. ದೊಡ್ಡಕರುಳಿನ ಒಳಪದರದ ಕೋಶಗಳಿಗೆ ಮುಖ್ಯ ಆಹಾರ ಅದೇ. ನಾರು ತಿನ್ನಿ ಎಂದು ವೈದ್ಯರು ಹೇಳುವುದು ಮಲಬದ್ಧತೆಗೆ ಮಾತ್ರ ಅಲ್ಲ.

ಇನ್ನೊಂದು ಕಡೆ ಟಿಎಂಎಒ ಎಂಬುದಿದೆ. ಮಾಂಸ, ಮೊಟ್ಟೆಗಳಲ್ಲಿರುವ ಕಾರ್ನಿಟಿನ್, ಕೋಲಿನ್‌ಗಳನ್ನು ಬ್ಯಾಕ್ಟೀರಿಯಾಗಳು ಟಿಎಂಎ ಎಂಬ ಅನಿಲವಾಗಿಸುತ್ತವೆ, ಲಿವರ್ ಅದನ್ನು ಟಿಎಂಎಒ ಮಾಡುತ್ತದೆ. ಇದು ಜಾಸ್ತಿ ಇದ್ದವರಲ್ಲಿ ಹೃದಯಾಘಾತವೂ ಜಾಸ್ತಿ ಎಂದು 2011ರಿಂದ ಅಮೆರಿಕದ ಕ್ಲೀವ್‌ಲ್ಯಾಂಡ್ ಕ್ಲಿನಿಕ್‌ನ ಸ್ಟ್ಯಾನ್ಲಿ ಹೇಜನ್ ತಂಡ ತೋರಿಸುತ್ತಾ ಬಂದಿದೆ. ನನಗಿಲ್ಲಿ ಒಂದು ಅನುಮಾನ. ಸಮುದ್ರದ ಮೀನಿನಲ್ಲಿ ಟಿಎಂಎಒ ನೇರವಾಗಿಯೇ ಬೇಕಾದಷ್ಟಿದೆ, ಮೀನು ತಿನ್ನುವವರ ಹೃದಯವೇನೂ ಹೆಚ್ಚು ಕೆಡುವುದಿಲ್ಲ. ಅಲ್ಲದೆ ಅದನ್ನು ಹೊರಹಾಕುವುದು ಕಿಡ್ನಿ. ಕಿಡ್ನಿ ಸೋತರೆ ಟಿಎಂಎಒ ಏರುತ್ತದೆ, ಹೃದಯಕ್ಕೂ ಅಪಾಯ ಹೆಚ್ಚುತ್ತದೆ. ಕಳ್ಳ ಇರಬಹುದು, ಸಾಕ್ಷಿಯೂ ಇರಬಹುದು. ತೀರ್ಪು ಇನ್ನೂ ಬಂದಿಲ್ಲ.

ಹೊರಗಿನಿಂದ ಒಳಗೆ ಹೋದ ವಸ್ತುವನ್ನು ದೇಹ ಏನು ಮಾಡುತ್ತದೆ ಎಂಬುದೂ ಜೀವನ್ಮರಣದ ವಿಷಯ. ಮೆಥನಾಲ್ ಬೆರೆತ ಕಳ್ಳಭಟ್ಟಿ ಕುಡಿದವರು ಕುರುಡಾಗುವುದು ಮೆಥನಾಲ್‌ನಿಂದಲೇ ಎಂದು ತೋರುತ್ತದೆ. ನಿಜವಾದ ವಿಷ ಲಿವರ್ ಅದನ್ನು ಒಡೆದಾಗ ಹುಟ್ಟುವ ಫಾರ್ಮಿಕ್ ಆಮ್ಲ. ಅದು ಕಣ್ಣಿನ ನರದ ಕೋಶಗಳ ಉಸಿರು ಕಟ್ಟಿಸುತ್ತದೆ. ಹಾಗಾಗಿ ಚಿಕಿತ್ಸೆಯ ಉಪಾಯ ಆ ಒಡೆಯುವಿಕೆಯನ್ನೇ ತಡೆಯುವುದು. ಫೋಮೆಪಿಜೋಲ್ ಎಂಬ ಔಷಧಿ ಆ ಕಿಣ್ವವನ್ನು ತಡೆಯುತ್ತದೆ. ಅದಿಲ್ಲದಿದ್ದರೆ ಆಸ್ಪತ್ರೆಯಲ್ಲಿ ಅಳತೆ ಮಾಡಿ ಶುದ್ಧ ಎಥನಾಲ್ ಕೊಡುತ್ತಾರೆ. ಕಿಣ್ವ ಎಥನಾಲ್‌ಗೆ ಅಂಟಿಕೊಂಡಿರುವಷ್ಟು ಹೊತ್ತು ಮೆಥನಾಲ್ ಒಡೆಯದೆ ನಿಧಾನವಾಗಿ ಹೊರಗೆ ಹೋಗುತ್ತದೆ.

ಪ್ಯಾರಸಿಟಮಾಲ್ ಕೂಡ ಹಾಗೆಯೇ. ಸರಿಯಾದ ಪ್ರಮಾಣದಲ್ಲಿ ಬಹಳ ಸುರಕ್ಷಿತ ಮಾತ್ರೆ. ಅದರ ಒಂದು ಸಣ್ಣ ಪಾಲು ಲಿವರ್‌ನಲ್ಲಿ ನ್ಯಾಪ್ಕ್ವಿ ಎಂಬ ವಿಷವಾಗುತ್ತದೆ, ಗ್ಲುಟಾಥಯೋನ್ ಎಂಬ ಇನ್ನೊಂದು ಮೆಟಬಾಲೈಟ್ ಅದನ್ನು ತಕ್ಷಣ ಹಿಡಿದು ನಿಷ್ಕ್ರಿಯ ಮಾಡುತ್ತದೆ. ಮಿತಿಮೀರಿ ನುಂಗಿದರೆ ಗ್ಲುಟಾಥಯೋನ್ ಮುಗಿದುಹೋಗುತ್ತದೆ, ವಿಷ ಲಿವರ್ ಕೋಶಗಳನ್ನೇ ಕೊಲ್ಲತೊಡಗುತ್ತದೆ. ಮೋಸದ ಸಂಗತಿ ಏನೆಂದರೆ ಮೊದಲ ದಿನ ರೋಗಿ ಆರಾಮಾಗಿಯೇ ಕಾಣಬಹುದು. ಗ್ಲುಟಾಥಯೋನ್ ಮತ್ತೆ ತುಂಬಿಸುವ ಔಷಧಿ ಇದೆ, ಆದರೆ ಅದು ಚೆನ್ನಾಗಿ ಕೆಲಸ ಮಾಡುವುದು ಮೊದಲ 8 ಗಂಟೆಯೊಳಗೆ ಕೊಟ್ಟರೆ. "ಏನೂ ಆಗಿಲ್ಲವಲ್ಲ, ನಾಳೆ ನೋಡೋಣ" ಎನ್ನುವಂತಿಲ್ಲ.

ಸಾಕ್ಷಿಯನ್ನು ಜೈಲಿಗೆ ಹಾಕಿದಾಗ

ಹೋಮೋಸಿಸ್ಟೀನ್ ಎಂಬ ಅಮೈನೋ ಆಮ್ಲ ಅತಿಯಾಗಿ ಏರುವ ಒಂದು ಅಪರೂಪದ ಜನ್ಮಜಾತ ಕಾಯಿಲೆಯಲ್ಲಿ ಎಳೆಯ ಮಕ್ಕಳ ರಕ್ತನಾಳಗಳೂ ಹಾಳಾಗುತ್ತವೆ. ಇದನ್ನು ಗಮನಿಸಿದ ಕಿಲ್ಮರ್ ಮೆಕಲಿ ಎಂಬ ಅಮೆರಿಕದ ವೈದ್ಯ 1969ರಲ್ಲಿ ಒಂದು ಪ್ರಶ್ನೆ ಎತ್ತಿದರು: ಹಾಗಾದರೆ ಸಾಮಾನ್ಯ ಜನರ ಹೃದ್ರೋಗದಲ್ಲೂ ಇದರ ಕೈವಾಡ ಇರಬಹುದಲ್ಲವೇ? ಮುಂದೆ ಸಾವಿರಾರು ಜನರ ಅಧ್ಯಯನಗಳಲ್ಲಿ ಹೋಮೋಸಿಸ್ಟೀನ್ ಜಾಸ್ತಿ ಇದ್ದವರಿಗೆ ಹೃದಯಾಘಾತವೂ ಜಾಸ್ತಿ ಎಂದೇ ಕಂಡಿತು. ಇಳಿಸುವುದೂ ಸುಲಭ. ಫೋಲಿಕ್ ಆಮ್ಲ, ಬಿ12, ಬಿ6 ಕೊಟ್ಟರೆ ಸಾಕು. ಅಗ್ಗದ ಮಾತ್ರೆ, ತೊಂದರೆಯೂ ಇಲ್ಲ. ಯಾರಿಗೆ ಬೇಡ?

2006ರಲ್ಲಿ ನಾರ್ವಿಟ್ ಮತ್ತು ಹೋಪ್-2 ಎಂಬ ಎರಡು ದೊಡ್ಡ ಪ್ರಯೋಗಗಳ ಫಲಿತಾಂಶ ಬಂತು. ಮಾತ್ರೆ ತಿಂದವರ ಹೋಮೋಸಿಸ್ಟೀನ್ ಚೆನ್ನಾಗಿ ಇಳಿದಿತ್ತು. ಹೃದಯಾಘಾತ ಮಾತ್ರ ಕಡಿಮೆಯಾಗಲಿಲ್ಲ. ವಿಪರೀತ ಏರಿದಾಗ ಕಳ್ಳನಾಗಿದ್ದದ್ದು ಸ್ವಲ್ಪ ಏರಿದಾಗ ಬರೀ ಸಾಕ್ಷಿಯಾಗಿತ್ತು. ಕೆಟ್ಟ ಕೊಲೆಸ್ಟ್ರಾಲ್ ಎನ್ನುವ ಎಲ್‌ಡಿಎಲ್ ಈ ಕಳ್ಳ-ಸಾಕ್ಷಿ ಪರೀಕ್ಷೆಯಲ್ಲಿ ಬೇರೆ ಉತ್ತರ ಕೊಟ್ಟಿತು. ಹುಟ್ಟಿನಿಂದ ಅದು ಜಾಸ್ತಿ ಇರುವವರಿಗೆ ಎಳೆ ವಯಸ್ಸಿಗೇ ಹೃದ್ರೋಗ, ಹುಟ್ಟಿನಿಂದ ಕಡಿಮೆ ಇರುವವರಿಗೆ ಅಪಾಯ ಕಡಿಮೆ, ಔಷಧಿಯಿಂದ ಇಳಿಸಿದರೆ ಹೃದಯಾಘಾತವೂ ಇಳಿಯುತ್ತದೆ. ಮೂರೂ ಒಂದೇ ಕಡೆ ಬೆರಳು ತೋರಿಸಿದರೆ ಕಳ್ಳ ಸಿಕ್ಕಿದ ಎನ್ನಬಹುದು.

ಈಗಿನ ಯಂತ್ರಗಳು ಒಂದೇ ಮಾದರಿಯಲ್ಲಿ ಸಾವಿರಾರು ಮೆಟಬಾಲೈಟ್‌ಗಳನ್ನು ಒಮ್ಮೆಗೇ ನೋಡುತ್ತವೆ. ಅದೇ ಹೊಸ ತಲೆನೋವು. ಸಾವಿರ ಅಣುಗಳನ್ನು ಅಳೆದರೆ ಅದರಲ್ಲಿ ಹತ್ತಾರು ಸುಮ್ನೆ ಆಕಸ್ಮಿಕವಾಗಿಯೇ ಕಾಯಿಲೆಯ ಜೊತೆ ಹೊಂದಿಕೆಯಾಗಿ ಬಿಡುತ್ತವೆ. 2009ರಲ್ಲಿ ಸಾರ್ಕೊಸಿನ್ ಎಂಬ ಅಣು ಪ್ರಾಸ್ಟೇಟ್ ಕ್ಯಾನ್ಸರ್ ಉಲ್ಬಣವಾಗುವುದನ್ನು ತೋರಿಸುತ್ತದೆ ಎಂದು ಭಾರೀ ಸುದ್ದಿಯಾಯಿತು. ಬೇರೆ ತಂಡಗಳು ಅಳೆದಾಗ ಎಲ್ಲರಿಗೂ ಅದೇ ಫಲಿತಾಂಶ ಸಿಗಲಿಲ್ಲ, ಮಾಮೂಲಿ ಪರೀಕ್ಷೆಯಾಗಿ ಅದು ನಿಲ್ಲಲಿಲ್ಲ.

ಹಾಗಂತ ಹುಡುಕಾಟ ವ್ಯರ್ಥವೂ ಅಲ್ಲ. ಸ್ಕಾಟ್ಲೆಂಡಿನ ನಿವೃತ್ತ ನರ್ಸ್ ಜಾಯ್ ಮಿಲ್ನ್ ಅವರಿಗೆ ಗಂಡನ ಮೈವಾಸನೆ ಬದಲಾದದ್ದು ಗೊತ್ತಾಗಿತ್ತು, ಗಂಡನಿಗೆ ಕೈಕಾಲು ನಡುಗಿಸುವ ಪಾರ್ಕಿನ್ಸನ್ ಕಾಯಿಲೆ ಪತ್ತೆಯಾಗುವುದಕ್ಕೂ ಎಷ್ಟೋ ವರ್ಷ ಮೊದಲೇ. ವಿಜ್ಞಾನಿಗಳು ಕಾಯಿಲೆ ಇರುವವರು, ಇಲ್ಲದವರು ತೊಟ್ಟ ಅಂಗಿಗಳನ್ನು ಕೊಟ್ಟು ಮೂಸಲು ಹೇಳಿದರು. ಕಾಯಿಲೆಯವರ ಅಂಗಿಗಳನ್ನೆಲ್ಲ ಅವರು ಸರಿಯಾಗಿ ಗುರುತಿಸಿದರು. ಜೊತೆಗೆ ಕಾಯಿಲೆ ಇಲ್ಲದ ಒಬ್ಬರ ಅಂಗಿಯನ್ನೂ ಇದೂ ಹಾಗೇ ಇದೆ ಎಂದರು. ಕೆಲವು ತಿಂಗಳ ನಂತರ ಆ ವ್ಯಕ್ತಿಗೂ ಪಾರ್ಕಿನ್ಸನ್ ಇದೆ ಎಂದು ಗೊತ್ತಾಯಿತು. ಮ್ಯಾಂಚೆಸ್ಟರ್‌ನಲ್ಲಿ ಪರ್ಡೀಟಾ ಬ್ಯಾರನ್ ಅವರ ತಂಡ ಈಗ ಚರ್ಮದ ಜಿಡ್ಡಿನಲ್ಲಿ ಆ ವಾಸನೆಯ ಅಣುಗಳನ್ನು ಯಂತ್ರದಿಂದ ಹಿಡಿಯಲು ಕೆಲಸ ಮಾಡುತ್ತಿದೆ. ಈ ಅಣುಗಳು ಮಿದುಳಿನ ಕಾಯಿಲೆಗೆ ಕಾರಣವೇ ಆಗಬೇಕಿಲ್ಲ. ಬೇಗ ಸಾಕ್ಷಿ ಹೇಳಿದರೆ ಅಷ್ಟೇ ಸಾಕು.

ಕೊನೆಗೆ ಒಂದು ವ್ಯಾವಹಾರಿಕ ಮಾತು. ರಕ್ತ ತೆಗೆದ ಮೇಲೂ ಅದರಲ್ಲಿರುವ ಕೋಶಗಳು ಜೀವಂತವಾಗಿಯೇ ಇರುತ್ತವೆ, ಟ್ಯೂಬಿನೊಳಗೇ ಗ್ಲೂಕೋಸ್ ತಿನ್ನುತ್ತಿರುತ್ತವೆ. ಮಾಮೂಲಿ ಟ್ಯೂಬನ್ನು ಹಾಗೇ ಮೇಜಿನ ಮೇಲೆ ಬಿಟ್ಟರೆ ಗಂಟೆಗೆ ಶೇಕಡಾ 5ರಿಂದ 7ರಷ್ಟು ಸಕ್ಕರೆ ಇಳಿಯುತ್ತದೆ, ಲ್ಯಾಕ್ಟೇಟ್ ಏರುತ್ತದೆ. ಶುಗರ್ ಪರೀಕ್ಷೆಗೆ ಫ್ಲೋರೈಡ್ ಹಾಕಿದ, ಬೂದು ಮುಚ್ಚಳದ ಬೇರೆ ಟ್ಯೂಬ್ ಬಳಸುವುದು ಅದಕ್ಕೇ. ಹಿಂದಿನ ದಿನ ಜಾಸ್ತಿ ವ್ಯಾಯಾಮ ಮಾಡಿದ್ದರೆ, ರಾತ್ರಿ ಮಾಂಸದ ಊಟ ಹೊಡೆದಿದ್ದರೆ ಕ್ರಿಯಾಟಿನಿನ್ ಒಂದಿಷ್ಟು ಏರಿರಬಹುದು. ನೀರು ಕುಡಿಯದಿದ್ದರೆ ಯೂರಿಯಾ ಏರುತ್ತದೆ. ಗಿಲ್ಬರ್ಟ್ ಎಂಬ ನಿರುಪದ್ರವಿ ಜನ್ಮಗುಣ ಇರುವವರು ಉಪವಾಸ ಮಾಡಿ ಹೋದರೆ ಬಿಲಿರುಬಿನ್ ಏರಿರುತ್ತದೆ. ಇದನ್ನೆಲ್ಲ ರಕ್ತ ಕೊಡುವಾಗಲೇ ಹೇಳಿಬಿಡಿ. ಅಂಕಿ ವಿಚಿತ್ರವಾಗಿ ಕಂಡರೆ, ಜೀವಕ್ಕೆ ಅಪಾಯವಿಲ್ಲ ಎನಿಸಿದರೆ, ಅನುಭವಿ ವೈದ್ಯರು ಮೊದಲು ಮಾಡಿಸುವುದು ಅದೇ ಪರೀಕ್ಷೆಯನ್ನು ಇನ್ನೊಂದು ಸಲ.